ಚೆಂಡು ನೇರ ಹೋಗಬೇಕಾದರೆ

"ನಿಮ್ಮ ಭಾವನ ಡ್ರೈವರ್ ಸರಿಯಿಲ್ಲವಂತೆ ಕಣೋ. ತಿಂಗಳಿಂದ ಮೂಲೆ ಹಿಡಿದು ಕೂತಿದ್ದಾರೆ. ಒಂದು ಸಲ ಬಂದು ಹೋಗು" ಎಂದು ಗುಂಡ್ಲುಪೇಟೆಯಿಂದ ಅಕ್ಕ ಫೋನು ಮಾಡಿದಳು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಅವರು ಕಾರು ಕೊಂಡದ್ದು ಯಾವಾಗ? ಡ್ರೈವರನ್ನು ಇಟ್ಟದ್ದು ಯಾವಾಗ?" ಎಂದು ಬೆರಗಾದಳು. ಈ ಡ್ರೈವರ್ ಸಂಬಳ ಕೇಳುವ ಜಾತಿಯದಲ್ಲ, ಗಾಲ್ಫ್ ಆಟದ ಅತ್ಯಂತ ಉದ್ದನೆಯ ದಾಂಡು ಎಂದು ನಾನು ವಿವರಿಸಿದೆ. ಅದೇ ಉಸುರಿನಲ್ಲಿ, ಆ ಆಟದಲ್ಲಿ ಟೀ ಎಂದರೆ ಕುಡಿಯುವ ಪದಾರ್ಥವಲ್ಲ, ಚೆಂಡನ್ನು ನೆಲದಿಂದ ಕೊಂಚ ಎತ್ತಿ ಇಡುವ ಸಣ್ಣ ಗೂಟ ಎಂದೂ ಹೇಳಿದೆ. "ಹಾಗಾದರೆ ಅದು ಬಡವರ ಆಟವಲ್ಲ, ಉಪವಾಸದವರ ಆಟ" ಎಂದು ಅವಳು ಒಳಗೆ ಹೋದಳು.

ಭಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಇಂಜಿನಿಯರಾಗಿದ್ದವರು. ಡೊಂಕು ರಸ್ತೆಗಳನ್ನು ನೇರ ಮಾಡುವುದರಲ್ಲಿಯೇ ಆಯುಷ್ಯ ಕಳೆದವರು. ನಿವೃತ್ತಿಯಾದ ಮೊದಲ ವರ್ಷ ಅವರನ್ನು ನೋಡಲಾಗುತ್ತಿರಲಿಲ್ಲ. ಬೆಳಗಿನ ಪತ್ರಿಕೆಯನ್ನು ಸಂಜೆಯವರೆಗೆ ಓದುವರು, ಸಂಜೆ ಗೇಟಿನ ಬಳಿ ನಿಂತು ಬಸ್ಸುಗಳನ್ನು ಎಣಿಸುವರು. ಆಗ ಬೆಂಗಳೂರಿನಲ್ಲಿರುವ ಮಗ ಒಂದು ಚೀಲ ತುಂಬ ಗಾಲ್ಫ್ ದಾಂಡುಗಳನ್ನು ತಂದುಕೊಟ್ಟ. ವಾರಕ್ಕೆರಡು ದಿನ ಮೈಸೂರಿಗೆ ಹೋಗುವುದು, ಹುಲ್ಲಿನ ಮೇಲೆ ಐದಾರು ಮೈಲಿ ನಡೆಯುವುದು, ಹಸಿದು ಮನೆಗೆ ಬರುವುದು ಆರಂಭವಾಯಿತು. ಅಕ್ಕನಿಗೆ ಗಂಡ ಮತ್ತೆ ದೊರೆತಂತಾಯಿತು. ಈಗ ಅದೇ ಗಂಡ ಮತ್ತೆ ಗೇಟಿನ ಬಳಿ ನಿಂತು ಬಸ್ಸು ಎಣಿಸುತ್ತಿದ್ದಾರೆಂದರೆ ಅವಳ ದಿಗಿಲು ಸಹಜವಾದದ್ದೇ.

ಮಾರನೆಯ ಬೆಳಗ್ಗೆ ಚಾಮರಾಜನಗರದಿಂದ ಬಸ್ಸು ಹತ್ತಿದೆ. ತೆರಕಣಾಂಬಿ ದಾಟಿದ ಮೇಲೆ ಇಕ್ಕೆಲದ ಹೊಲಗಳಲ್ಲಿ ಚೆಂಡುಹೂವು ಅರಿಸಿನ ಚೆಲ್ಲಿದಂತೆ ಅರಳಿತ್ತು. ಗುಂಡ್ಲುಪೇಟೆ ಕವಲುದಾರಿಯ ಊರು. ಒಂದು ದಾರಿ ಕೇರಳದ ವಯನಾಡಿಗೆ ಹೊರಳಿದರೆ, ಇನ್ನೊಂದು ಬಂಡೀಪುರದ ಕಾಡನ್ನು ಸೀಳಿಕೊಂಡು ನೀಲಗಿರಿಯನ್ನು ಏರುತ್ತದೆ. ಆ ದಾರಿಯ ಮೇಲ್ತುದಿಯಲ್ಲಿ, ಊಟಿಯ ವೆನ್ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನಲ್ಲಿ, ಇಂಗ್ಲಿಷರು ಗಾಲ್ಫ್ ಮೈದಾನವನ್ನು ಹಾಕಿಕೊಂಡಿದ್ದರು. ಬೇಸಿಗೆಯಲ್ಲಿ ಮೈಸೂರಿನಿಂದ ಬೆಟ್ಟಕ್ಕೆ ಹೊರಟವರ ಮೋಟಾರುಗಳು ನಮ್ಮ ಪೇಟೆಯ ನಡುವೆಯೇ ಸಾಗುತ್ತಿದ್ದವು. ಗಾಲ್ಫ್ ನಮ್ಮ ಊರಿಗೆ ಬರಲಿಲ್ಲ. ನಮ್ಮ ಊರಿನ ಮೇಲೆ ಹಾದುಹೋಯಿತು.

ಕನ್ನಡನಾಡಿಗೆ ಮಾತ್ರ ಅದು ಬಹಳ ಹಿಂದೆಯೇ ಬಂದಿತ್ತು. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಬ್ರಿಟಿಷ್ ದ್ವೀಪಗಳ ಹೊರಗೆ ಇರುವ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬುಗಳಲ್ಲಿ ಅದೂ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1906ರಲ್ಲಿ, ಮೈಸೂರಿನಲ್ಲಿ ಆಟ ಬೇರೂರಿತು. ಚಾಮುಂಡಿ ಬೆಟ್ಟದ ಕೆಳಗೆ ಕುದುರೆಪಂದ್ಯದ ಬಯಲಿಗೆ ಹೊಂದಿಕೊಂಡಿರುವ ಆ ಮೈದಾನವೇ ಇಂದಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು. ಗುಂಡ್ಲುಪೇಟೆಯವರಿಗೂ ಚಾಮರಾಜನಗರದವರಿಗೂ ಅದು ಸುಮಾರು 60 ಕಿಲೋಮೀಟರು; ನಂಜುಂಡೇಶ್ವರನ ದರ್ಶನ ಮಾಡಿಕೊಂಡು ಹೋದರೂ ಬೆಳಗಿನ ಆಟ ತಪ್ಪುವುದಿಲ್ಲ.

ಒಂದು ಮಾರು ದೂರ

ಕಾಫಿ ಆಯಿತು. ಕುಶಲಪ್ರಶ್ನೆ ಆಯಿತು. ಭಾವನವರು ದಾಂಡಿನ ಮಾತನ್ನೇ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಅದನ್ನು ಬಿಟ್ಟುಬಿಟ್ಟೆನಯ್ಯಾ" ಎಂದರು.

ನಡೆದದ್ದು ಇಷ್ಟು. ಹಿಂದಿನ ತಿಂಗಳು ಮಗ ಅವರನ್ನು ಬೇರೊಂದು ಊರಿನ ಮೈದಾನಕ್ಕೆ ಕರೆದೊಯ್ದಿದ್ದ. ಮಗನ ಚೆಂಡು 240 ಗಜ ಹೋಗಿ ಬಿತ್ತು. ತಂದೆಗೆ ಛಲ ಹುಟ್ಟಿತು. ಮೈಯ ಬಲವನ್ನೆಲ್ಲ ತೋಳಿಗೆ ತಂದು ಬೀಸಿದರು. ಚೆಂಡು ಮೊದಲು ನೇರವಾಗಿ ಹೊರಟಂತೆ ತೋರಿ, ನಡುದಾರಿಯಲ್ಲಿ ಮನಸ್ಸು ಬದಲಿಸಿದ ಹಾಗೆ ಬಲಕ್ಕೆ ತಿರುಗಿ, ಮೈದಾನದ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳಿಂದ ಒಂದು ಮಾರು ದೂರಕ್ಕೆ ಬಿತ್ತು. ಆಕೆಗೆ ಏನೂ ಆಗಲಿಲ್ಲ. ಆಕೆ ತಲೆಯೆತ್ತಿ ನೋಡಿ, ಮತ್ತೆ ಕುಡುಗೋಲು ಹಿಡಿದಳು. "ಏನೂ ಆಗಲಿಲ್ಲವಲ್ಲ ಅಪ್ಪಾ" ಎಂದ ಮಗ. ಆದರೆ ಭಾವನವರ ಕೈ ಅಂದಿನಿಂದ ದಾಂಡನ್ನು ಮುಟ್ಟಿರಲಿಲ್ಲ.

"ಒಂದು ಮಾರು ಎಡಕ್ಕೆ ಬಿದ್ದಿದ್ದರೆ?" ಎಂದು ನನ್ನನ್ನು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗಾಲ್ಫ್ ಚೆಂಡು ನೋಡುವುದಕ್ಕೆ ನಿಂಬೆಹಣ್ಣಿನಷ್ಟು. ಅದರ ಅಡ್ಡಳತೆ 42.67 ಮಿಲಿಮೀಟರಿಗೆ ಕಡಿಮೆಯಿರಬಾರದು, ತೂಕ 45.93 ಗ್ರಾಮನ್ನು ಮೀರಬಾರದು ಎಂಬುದು ನಿಯಮ. ಆದರೆ ಕಲ್ಲಿನಂಥ ಗಟ್ಟಿ. ಸಾಧಾರಣ ಆಟಗಾರನ ಡ್ರೈವರಿನಿಂದ ಹೊರಟದ್ದೂ ಗಂಟೆಗೆ 200 ಕಿಲೋಮೀಟರಿನಷ್ಟು ವೇಗವನ್ನು ಮುಟ್ಟಬಲ್ಲದು. ಆದ್ದರಿಂದ ಈ ಆಟದಲ್ಲಿ ಚೆಂಡು ನೇರ ಹೋಗಬೇಕೆನ್ನುವುದು ಬರಿಯ ಜಂಬದ ಮಾತಲ್ಲ. ಮೈದಾನದಲ್ಲಿರುವ ಇತರರ ತಲೆಗಳ ಮಾತು. ಭಾವನವರು ಹೆದರಿದ್ದು ಸರಿಯಾಗಿಯೇ ಇತ್ತು. ಆದರೆ ಮದ್ದು ದಾಂಡನ್ನು ಅಟ್ಟಕ್ಕೆ ಹಾಕುವುದಲ್ಲ, ಬೀಸನ್ನು ತಿದ್ದುವುದು. ಹಾಗೆಂದು ಹೇಳಿ ಅವರನ್ನು ಹಿತ್ತಿಲಿಗೆ ಎಬ್ಬಿಸಿದೆ. ಚೆಂಡು ಬೇಡವೆಂದೆ, ಹಿತ್ತಿಲಲ್ಲಿ ನಿಜವಾದ ಚೆಂಡನ್ನು ಹೊಡೆಯುವವನು ನೆರೆಮನೆಯ ಹೆಂಚಿಗೂ ತನ್ನ ಮಾನಕ್ಕೂ ಶತ್ರು.

ಬಲ ಬೇರೆ, ದಾರಿ ಬೇರೆ

ಭಾವನವರು ನಾಲ್ಕು ಸಲ ಬರಿಗಾಳಿಯಲ್ಲಿ ಬೀಸಿದರು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ, ಗಾಲ್ಫ್ ಎಂಬ ಆಟವನ್ನು ಒಂದು ದಿನವೂ ನೋಡದವಳು, ತಲೆಯೆತ್ತಿ, "ಇದೇನು, ಸೌದೆ ಒಡೆದ ಹಾಗಿದೆಯಲ್ಲ!" ಎಂದಳು.

ವೈದ್ಯರು ನಾಡಿ ಹಿಡಿದು ಹೇಳುವುದನ್ನು ಅವಳು ಅವರೆಕಾಯಿ ಹಿಡಿದು ಹೇಳಿಬಿಟ್ಟಿದ್ದಳು. ಹೊಸಬರಲ್ಲಿ ಹೆಚ್ಚಿನವರ ಚೆಂಡು ಬಲಕ್ಕೆ ತಿರುಗುವುದಕ್ಕೆ ಕಾರಣವೇ ಇದು. ಇದಕ್ಕೆ ಆಟದಲ್ಲಿ ಸ್ಲೈಸ್ ಎಂದು ಹೆಸರು. ಕೊಡಲಿಯ ದಾರಿ ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ. ಡ್ರೈವರಿನ ದಾರಿ ಪೊರಕೆಯದು. ಒಳಗಿನಿಂದ ಬಂದು, ನೆಲದ ಮಗ್ಗುಲಲ್ಲಿ ಸವರಿ, ಕೊಂಚ ಮೇಲಕ್ಕೆ ಏಳುವಾಗ ಚೆಂಡನ್ನು ತೆಗೆದುಕೊಂಡು ಹೋಗಬೇಕು.

ಇಲ್ಲಿ ಕೊಂಚ ಶಾಸ್ತ್ರ ಹೇಳದೆ ವಿಧಿಯಿಲ್ಲ. ದಾಂಡಿನ ತಲೆಗೂ ಚೆಂಡಿಗೂ ಆಗುವ ಭೇಟಿ ಎಷ್ಟು ಹೊತ್ತಿನದು ಗೊತ್ತೇ? ಒಂದು ಸೆಕೆಂಡನ್ನು 2000 ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲು. ಆ ಕ್ಷಣದಲ್ಲಿ ದಾಂಡಿನ ಮುಖ ಎತ್ತ ನೋಡುತ್ತಿತ್ತೋ ಬಹುಮಟ್ಟಿಗೆ ಅತ್ತ ಚೆಂಡು ಹೊರಡುತ್ತದೆ. ಮುಖ ಒಂದು ಕಡೆ ನೋಡುತ್ತಿದ್ದು, ದಾಂಡು ಸಾಗುವ ದಾರಿ ಇನ್ನೊಂದು ಕಡೆಗಿದ್ದರೆ, ಚೆಂಡಿನ ಸುತ್ತು ಓರೆಯಾಗುತ್ತದೆ. ಓರೆ ಸುತ್ತಿನ ಚೆಂಡು ಗಾಳಿಯಲ್ಲಿ ಬಾಗುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಪಿ. ಜಿ. ಟೇಟ್ ಎಂಬುವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸುತ್ತಿನ ರಹಸ್ಯವನ್ನು ಲೆಕ್ಕ ಹಾಕಿ ತೋರಿಸಿದರು. ಅವರ ಮಗ ಫ್ರೆಡ್ಡಿ ಟೇಟ್ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ. ತಂದೆ ಲೆಕ್ಕ ಹಾಕುವುದು, ಮಗ ಹೊಡೆಯುವುದು. ಗುಂಡ್ಲುಪೇಟೆಯ ಮನೆಯಲ್ಲಿ ಇದು ತಿರುಗಾಮುರುಗಾ ಆಗಿತ್ತು.

ಭಾವನವರು ಇಂಜಿನಿಯರು, ಅವರಿಗೆ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಸುತ್ತದೆ. "200 ಗಜ ಹೋಗುವ ಚೆಂಡು ಒಂದು ಡಿಗ್ರಿ ತಪ್ಪಿ ಹೊರಟರೆ ಎಷ್ಟು ದೂರ ತಪ್ಪೀತು?" ಎಂದೆ. ಮನಸ್ಸಿನಲ್ಲಿಯೇ ಗುಣಿಸಿ, "ಮೂರೂವರೆ ಗಜ" ಎಂದರು. "ಐದು ಡಿಗ್ರಿ?" "ಹದಿನೇಳೂವರೆ ಗಜ." ಹೇಳಿ ಸುಮ್ಮನಾದರು. ಐದು ಡಿಗ್ರಿ ಎಂದರೆ ಗಡಿಯಾರದ ಮುಖದಲ್ಲಿ ಒಂದು ನಿಮಿಷದ ಗೆರೆಗೂ ಕಡಿಮೆ. ಗಾಳಿಯ ಬಾಗು ಅದರ ಮೇಲಿನ ಬಡ್ಡಿ.

"ಹಾಗಾದರೆ ಬಲವಾಗಿ ಹೊಡೆದಷ್ಟೂ ತಪ್ಪು ದೊಡ್ಡದಾಗುತ್ತದೆ" ಎಂದರು.

ನಮ್ಮ ಚಾಮರಾಜೇಶ್ವರನ ಆಷಾಢದ ತೇರನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. ಹಗ್ಗ ಹಿಡಿಯುವವರು ನೂರಾರು ಮಂದಿ; ಬಲವೆಲ್ಲ ಅವರದು. ಆದರೆ ತೇರು ಬೀದಿಯ ನಡುವೆ ಹೋಗಬೇಕೋ ಅಂಗಡಿಯ ಜಗುಲಿಯನ್ನು ಏರಬೇಕೋ ಎಂಬುದನ್ನು ನಿರ್ಧರಿಸುವವರು, ಗಾಲಿಯ ಪಕ್ಕದಲ್ಲಿ ಬಗ್ಗಿ ಮರದ ದಿಮ್ಮಿ ಕೊಡುವ ನಾಲ್ಕೈದು ಜನ. ಗಾಲ್ಫಿನಲ್ಲಿ ಸೊಂಟ, ಬೆನ್ನು, ತೋಳುಗಳು ಹಗ್ಗದವರು. ದಾಂಡಿನ ಹಿಡಿತವೂ ನಿಲುವೂ ದಿಮ್ಮಿಯವರು. ಭಾವನವರು ಹಗ್ಗದ ಕಡೆಗೆ ಊರನ್ನೇ ಸೇರಿಸಿ, ಗಾಲಿಯ ಬಳಿಗೆ ಒಬ್ಬನನ್ನೂ ಕಳುಹಿಸಿರಲಿಲ್ಲ.

ಹಿಡಿತ

ಮೊದಲು ಕೈಗಳನ್ನು ನೋಡಿದೆ. ಬಲಗೈ ಆಟಗಾರನಿಗೆ ಹೇಳುವ ಮಾತು ಇದು. ಎಡಗೈಯವರು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು. ದಾಂಡಿನ ಹಿಡಿ ಎಡ ಅಂಗೈಯ ನಡುವೆ ಇರಬಾರದು. ಬೆರಳುಗಳ ಬುಡದಲ್ಲಿ ಓರೆಯಾಗಿ ಮಲಗಬೇಕು. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಎರಡು ಅಥವಾ ಮೂರು ಗೆಣ್ಣುಗಳು ಕಾಣಬೇಕು. ಒಂದೇ ಗೆಣ್ಣು ಕಂಡರೆ ಕೈ ಎಡಕ್ಕೆ ಹೊರಳಿದೆ ಎಂದು ಅರ್ಥ. ಅಂಥ ಹಿಡಿತದಲ್ಲಿ ದಾಂಡಿನ ಮುಖ ಚೆಂಡಿಗೆ ಬರುವ ಹೊತ್ತಿಗೆ ತೆರೆದೇ ಉಳಿದು, ಚೆಂಡು ಬಲಕ್ಕೆ ಓಡುತ್ತದೆ. ಭಾವನವರಿಗೆ ಕಾಣುತ್ತಿದ್ದುದು ಒಂದೇ ಗೆಣ್ಣು.

ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳು, ನಡುಬೆರಳುಗಳ ನಡುವಿನ ಸಂದಿಯ ಮೇಲೆ ಕೂರಿಸುವುದು ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ಕ್ರಮ. ಬ್ರಿಟನ್ನಿನ ಓಪನ್ ಪಂದ್ಯವನ್ನು 1896ರಿಂದ 1914ರವರೆಗೆ ಆರು ಸಲ ಗೆದ್ದ ಹ್ಯಾರಿ ವಾರ್ಡನ್ನನಿಂದ ಅದು ಪ್ರಸಿದ್ಧಿಗೆ ಬಂದುದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಎರಡು ಕೈಗಳೂ ಜಗಳವಾಡದೆ ಒಂದೇ ಕೈಯಾಗಿ ನಡೆಯುವುದಕ್ಕೆ ಇದು ಉಪಾಯ.

ಇನ್ನು ಬಿಗಿ. ತುಂಬಿದ ಹಾಲಿನ ಲೋಟವನ್ನು ಮಗುವಿನ ಕೈಯಿಂದ ಇಸಿದುಕೊಳ್ಳುವಾಗ ಎಷ್ಟು ಬಿಗಿಯೋ ಅಷ್ಟು ಸಾಕು. ಹಿಡಿ ಬಿಗಿದರೆ ಮುಂಗೈ ಬಿಗಿಯುತ್ತದೆ, ಮುಂಗೈ ಬಿಗಿದರೆ ಭುಜ ಬಿಗಿಯುತ್ತದೆ. ಬಿಗಿದ ಮೈಯಲ್ಲಿ ದಾಂಡು ಓಡುವುದಿಲ್ಲ, ತಳ್ಳಿಸಿಕೊಳ್ಳುತ್ತದೆ.

ನಿಲುವು

ಚಾಮರಾಜನಗರದ ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತು ನಂಜನಗೂಡಿನ ಕಡೆಗೆ ನೋಡಿ. ಎರಡು ಹಳಿಗಳು ಜೊತೆಜೊತೆಯಾಗಿ ಹೋಗುತ್ತವೆ; ಎಲ್ಲಿಯೂ ಕೂಡುವುದಿಲ್ಲ. ಗಾಲ್ಫಿನ ನಿಲುವು ಇದೇ. ಆಚೆಯ ಹಳಿಯ ಮೇಲೆ ಚೆಂಡು. ಅದು ಗುರಿಗೆ ಹೋಗುತ್ತದೆ. ಈಚೆಯ ಹಳಿಯ ಮೇಲೆ ನಿಮ್ಮ ಎರಡು ಪಾದಗಳ ತುದಿ. ಮಂಡಿ, ಸೊಂಟ, ಭುಜ ಮೂರೂ ಆ ಹಳಿಗೆ ಸಮಾನಾಂತರ. ಪಾದಗಳ ನಡುವೆ ಭುಜದಗಲ ಅಂತರ. ಡ್ರೈವರಿಗೆ ಚೆಂಡು ಎಡ ಹಿಮ್ಮಡಿಯ ಒಳಬದಿಗೆ ಎದುರಾಗಿರಬೇಕು. ದಾಂಡನ್ನು ನೆಲಕ್ಕಿಟ್ಟಾಗ ಅದರ ನೆತ್ತಿಯ ಮೇಲೆ ಅರ್ಧ ಚೆಂಡು ಇಣುಕುವಷ್ಟು ಎತ್ತರಕ್ಕೆ ಟೀಯನ್ನು ಊರಬೇಕು.

ಚೆಂಡು ಬಲಕ್ಕೆ ಹೋಗುತ್ತದೆಂದು ತಿಳಿದವನು ಮಾಡುವ ಮೊದಲ ತಪ್ಪೆಂದರೆ ಎಡಕ್ಕೆ ತಿರುಗಿ ನಿಲ್ಲುವುದು. ಭಾವನವರೂ ಅದನ್ನೇ ಮಾಡಿದ್ದರು. ಎಡಕ್ಕೆ ನಿಂತಷ್ಟೂ ದಾಂಡಿನ ದಾರಿ ಹೊರಗಿನಿಂದ ಒಳಕ್ಕೆ ಬರುತ್ತದೆ, ಚೆಂಡು ಮತ್ತಷ್ಟು ಬಲಕ್ಕೆ ಬಾಗುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತೆ.

ಇನ್ನೂರು ಗಜ ಆಚೆಯ ಗುರಿಯನ್ನೇ ನೋಡುತ್ತ ನೇರ ನಿಲ್ಲುವುದು ಕಷ್ಟ. ಅಮೆರಿಕದ ಜ್ಯಾಕ್ ನಿಕ್ಲಾಸ್ ಇದಕ್ಕೊಂದು ಸುಲಭೋಪಾಯವನ್ನು ರೂಢಿಸಿಕೊಂಡಿದ್ದರು. ಚೆಂಡಿನ ಹಿಂದೆ ನಿಂತು ಗುರಿಯನ್ನು ನೋಡಿ, ಅದೇ ಗೆರೆಯಲ್ಲಿ ಚೆಂಡಿನಿಂದ ಕೆಲವೇ ಅಡಿ ಮುಂದಿರುವ ಒಂದು ಒಣಗಿದ ಎಲೆಯನ್ನೋ ಹುಲ್ಲಿನ ಕಲೆಯನ್ನೋ ಗುರುತು ಮಾಡಿಕೊಳ್ಳುವುದು; ದಾಂಡಿನ ಮುಖವನ್ನು ಆ ಹತ್ತಿರದ ಗುರುತಿಗೆ ಸರಿಮಾಡುವುದು. ದೂರದ ಗುರಿ ಆಸೆಗೆ, ಹತ್ತಿರದ ಗುರುತು ಕೆಲಸಕ್ಕೆ. ರಸ್ತೆ ಅಳೆಯುವಾಗ ನಡುನಡುವೆ ಗೂಟ ನೆಡುತ್ತಿದ್ದ ಭಾವನವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಬೀಸು: ತಕಿಟ ತಾ

ಉಳಿದದ್ದು ಬೀಸು. ನುರಿತ ಆಟಗಾರರ ಬೀಸುಗಳನ್ನು ಚಿತ್ರ ತೆಗೆದು ಅಳೆದಾಗ ಒಂದು ವಿಶೇಷ ಕಂಡುಬಂದಿದೆ. ದಾಂಡು ಮೇಲೇರುವುದಕ್ಕೆ ಹಿಡಿಯುವ ಕಾಲ ಮೂರು ಪಾಲಾದರೆ, ಇಳಿದು ಚೆಂಡನ್ನು ಮುಟ್ಟುವುದಕ್ಕೆ ಒಂದು ಪಾಲು. ಒಬ್ಬರದು ವೇಗ, ಇನ್ನೊಬ್ಬರದು ನಿಧಾನ. ಆದರೆ ಮೂರಕ್ಕೆ ಒಂದೆಂಬ ಲಯ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ. ಇದಕ್ಕೆ ನಮ್ಮವರು ಯಂತ್ರ ಕೊಳ್ಳಬೇಕಾಗಿಲ್ಲ. ತ-ಕಿ-ಟ ಎನ್ನುವಷ್ಟರಲ್ಲಿ ದಾಂಡು ಮೇಲೇರಲಿ. ತಾ ಎನ್ನುವಾಗ ಚೆಂಡು ಹೊರಡಲಿ. ಭಾವನವರು ಹಿಂದೆ 'ತ' ಎಂದು ಎತ್ತಿ 'ತಾ' ಎಂದು ಕುಕ್ಕುತ್ತಿದ್ದರು.

ಇಳಿಯುವಾಗ ಮೊದಲು ಕದಲಬೇಕಾದದ್ದು ಕೈಯಲ್ಲ. ಭಾರ ಎಡಗಾಲಿಗೆ ಹೊರಳಬೇಕು, ಸೊಂಟ ತಿರುಗಬೇಕು, ಭುಜ ಅದನ್ನು ಹಿಂಬಾಲಿಸಬೇಕು. ತೋಳು, ದಾಂಡು ಕೊನೆಗೆ. ಭುಜವೇ ಮುಂದಾದರೆ ಅದು ಕೊಡಲಿ. ಅಕ್ಕ ಇದನ್ನೂ ತನ್ನ ದಾರಿಯಲ್ಲಿಯೇ ಹೇಳಿದಳು: "ಒಗೆಯುವ ಕಲ್ಲಿನ ಮುಂದೆ ಬರಿಯ ತೋಳಿನಿಂದ ಬಟ್ಟೆ ಎತ್ತಿ ಬಡಿದರೆ ನಾಲ್ಕು ಸೀರೆಗೆ ರಟ್ಟೆ ಬಿದ್ದುಹೋಗುತ್ತದೆ. ಸೊಂಟ ಮುಂದೆ ಬರಬೇಕು, ಬಟ್ಟೆ ತಾನೇ ಬರುತ್ತದೆ."

"ಇಷ್ಟು ದಿನ ಇದನ್ನು ಯಾಕೆ ಹೇಳಲಿಲ್ಲ?" ಎಂದರು ಭಾವನವರು.

"ನೀವು ಇಷ್ಟು ದಿನ ಬಟ್ಟೆ ಒಗೆದಿದ್ದರೆ ತಾನೆ" ಎಂದಳು ಅಕ್ಕ.

ಮನೆಯಲ್ಲಿ ಮಾಡಬಹುದಾದ ಸಾಧನೆ

ಮೈದಾನ ದೂರವಿರುವ ನಮ್ಮಂಥ ಊರುಗಳ ಓದುಗರಿಗಾಗಿ, ಅಂದು ಹಿತ್ತಿಲಲ್ಲಿ ಮಾಡಿದ ನಾಲ್ಕು ಸಾಧನೆಗಳನ್ನು ಬರೆಯುತ್ತೇನೆ. ಒಂದಕ್ಕೂ ಚೆಂಡು ಬೇಡ. ಆದರೆ ಸುತ್ತ ಮಕ್ಕಳಾಗಲಿ, ಹಸುಕರುಗಳಾಗಲಿ ಇಲ್ಲವೆಂದು ಮೊದಲು ನೋಡಿಕೊಳ್ಳಬೇಕು.

ಮೊದಲನೆಯದು ಹಳಿಗಳು. ಎರಡು ಬಿದಿರುಕಡ್ಡಿಗಳನ್ನು ಹಳಿಯಂತೆ ನೆಲದ ಮೇಲಿಟ್ಟು, ದಿನಕ್ಕೆ ಇಪ್ಪತ್ತು ಸಲ ದೂರದಿಂದ ನಡೆದುಬಂದು ನಿಲ್ಲಿ. ಬೀಸಬೇಡಿ, ನಿಂತು ನೋಡಿಕೊಳ್ಳಿ, ಸಾಕು.

ಎರಡನೆಯದು ಟವೆಲ್ಲು. ಚೆಂಡಿರಬೇಕಾದ ಜಾಗಕ್ಕೆ ತುಸು ಹಿಂದೆ, ನಿಮ್ಮಿಂದ ಆಚೆ ಬದಿಗೆ, ಟವೆಲ್ಲಿನ ಸುರುಳಿಯೊಂದನ್ನು ಇಡಿ. ದಾಂಡು ಹೊರಗಿನಿಂದ ಬಂದರೆ ಟವೆಲ್ಲಿಗೆ ಬಡಿಯುತ್ತದೆ. ಒಳಗಿನಿಂದ ಬಂದರೆ ತಪ್ಪಿಸಿಕೊಂಡು ಹೋಗುತ್ತದೆ. ಗುರುವಿಲ್ಲದ ಮನೆಯಲ್ಲಿ ಟವೆಲ್ಲೇ ಗುರು.

ಮೂರನೆಯದು ಸದ್ದು. ದಾಂಡನ್ನು ತಲೆಕೆಳಗಾಗಿ, ತಲೆಯ ಬಳಿ ಹಿಡಿದು ಬೀಸಿ. ಗಾಳಿಯನ್ನು ಸೀಳುವ ಸುಯ್ಯೆಂಬ ಸದ್ದು ಚೆಂಡಿನ ಜಾಗವನ್ನು ದಾಟಿದ ಮೇಲೆ, ಎಡಬದಿಯಲ್ಲಿ ಕೇಳಬೇಕು. ಬಲಭುಜದ ಬಳಿಯೇ ಕೇಳಿದರೆ ನಿಮ್ಮ ಬಲ ದಾರಿಯಲ್ಲಿಯೇ ಖರ್ಚಾಗಿದೆ.

ನಾಲ್ಕನೆಯದು ಜೋಡಿಗಾಲು. ಎರಡೂ ಪಾದಗಳನ್ನು ಕೂಡಿಸಿ ನಿಂತು, ಅರ್ಧ ಬೀಸು ಬೀಸಿ. ಬಲಪ್ರಯೋಗ ಮಾಡಿದರೆ ಮುಗ್ಗರಿಸುತ್ತೀರಿ. ಮುಗ್ಗರಿಸದೆ ಬೀಸಬಹುದಾದ ವೇಗವೇ ನಿಮ್ಮ ನಿಜವಾದ ವೇಗ. ಬೀಸು ಮುಗಿದ ಮೇಲೆ ಎದೆ ಗುರಿಯ ಕಡೆಗೆ, ಭಾರ ಎಡಗಾಲಿನ ಮೇಲೆ, ಮೂರು ಎಣಿಸುವವರೆಗೆ ಅಲುಗದೆ ನಿಲ್ಲಬೇಕು.

ಮಂಡಿ, ಸೊಂಟ, ಬೆನ್ನುಗಳ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹತ್ತಿರ ಹೊಡೆದು ಮುಂದೆ ಹೋದವರು

ಸಂಜೆ ಜಗುಲಿಯಲ್ಲಿ ಕುಳಿತಾಗ ಭಾವನವರು ಮೆಲ್ಲಗೆ ಕೇಳಿದರು: "ಹೀಗೆಲ್ಲ ತಗ್ಗಿಸಿ ಹೊಡೆದರೆ ನೂರೈವತ್ತು ಗಜ ಹೋದೀತು. ಅದೂ ಒಂದು ಹೊಡೆತವೇನಯ್ಯಾ?"

ನಾನು ಅವರಿಗೆ ಬೆಂಗಳೂರಿನ ಅದಿತಿ ಅಶೋಕರ ಕಥೆ ಹೇಳಿದೆ. ಐದು ವರ್ಷದ ಮಗುವಾಗಿದ್ದಾಗ ತಂದೆತಾಯಿಯರೊಡನೆ ತಿಂಡಿಗೆ ಹೋದ ಕಡೆ, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಬಯಲನ್ನು ಕಂಡು ಮನಸೋತ ಹುಡುಗಿ ಆಕೆ. 2016ರಲ್ಲಿ, ಹದಿನೆಂಟನೆಯ ವಯಸ್ಸಿಗೇ, ರಿಯೋ ಒಲಿಂಪಿಕ್ಸಿನಲ್ಲಿ ಆಡಿದರು. ತಂದೆ ದಾಂಡಿನ ಚೀಲ ಹೊತ್ತಿದ್ದರು. 2020ರ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೆ ತಾಯಿ ಚೀಲ ಹೊತ್ತರು. ಅದಕ್ಕೆ ಮೊದಲು ಕೋವಿಡ್ ತಗುಲಿ ಮೈಯ ಶಕ್ತಿ ಕುಂದಿತ್ತು. ಆ ಪಂದ್ಯದಲ್ಲಿ ಆಡಿದ ಅರವತ್ತು ಮಂದಿಯಲ್ಲಿ ಹೊಡೆತದ ದೂರದ ಲೆಕ್ಕಕ್ಕೆ ಆಕೆ ತೀರ ಹಿಂದಿನ ಸಾಲಿನವರು. ಆದರೂ ಪಂದ್ಯ ಮುಗಿದಾಗ ನಾಲ್ಕನೆಯ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಆಟದ ನಿಯಮವೂ ಇದೇ ಪಾಠವನ್ನು ಹೇಳುತ್ತದೆ. ಚೆಂಡು ಮೈದಾನದ ಗಡಿ ದಾಟಿದರೆ ದಂಡವಾಗಿ ಒಂದು ಹೊಡೆತ ಸೇರಿಸಿಕೊಂಡು, ಮತ್ತೆ ಹಿಂದಿನ ಜಾಗದಿಂದಲೇ ಹೊಡೆಯಬೇಕು. ಪೊದೆಗೆ ಹೋದರೆ ಹುಡುಕುವುದಕ್ಕೆ 2019ರಿಂದ ಮೂರೇ ನಿಮಿಷ. 240 ಗಜ ಡೊಂಕಾಗಿ ಹೋದವನು ಪೊದೆಯಲ್ಲಿ ಬಗ್ಗಿ ಹುಡುಕುತ್ತಿರುವಾಗ, 160 ಗಜ ನೇರ ಹೋದವನು ಎರಡನೆಯ ಹೊಡೆತವನ್ನು ಹೊಡೆದು ಮುಗಿಸಿರುತ್ತಾನೆ. ಇಕ್ಕಟ್ಟಾದ ಕಡೆ ಡ್ರೈವರನ್ನು ಚೀಲದಲ್ಲಿಯೇ ಬಿಟ್ಟು, ಮುಖ ಹೆಚ್ಚು ಓರೆಯಾಗಿರುವ ಚಿಕ್ಕ ದಾಂಡನ್ನು ತೆಗೆಯುವುದು ಹೇಡಿತನವಲ್ಲ. ಅಂಥ ದಾಂಡು ದೂರವನ್ನು ಕೊಂಚ ಕಡಿಮೆ ಮಾಡಿದರೂ ಬಾಗನ್ನು ಅದಕ್ಕಿಂತ ಹೆಚ್ಚು ಕಡಿಮೆ ಮಾಡುತ್ತದೆ.

ಇನ್ನೊಂದು ಮಾತನ್ನೂ ಹೇಳಿದೆ. 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದವರು ಬೆಂಗಳೂರಿನ ಸಿ. ಮುನಿಯಪ್ಪನವರು. ಇತರರ ಚೀಲ ಹೊರುವ ಕ್ಯಾಡಿಯಾಗಿ ಈ ಆಟದ ಬಾಗಿಲನ್ನು ಹೊಕ್ಕವರು ಅವರು. ಮೈದಾನದ ಅಂಚಿನಲ್ಲಿ ಕಾಣುವ ಯಾರನ್ನೂ ಬರಿಯ ಅಂಚಿನವರೆಂದು ತಿಳಿಯುವಂತಿಲ್ಲ.

ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಹೆಂಗಸಿಗೆ ನಾನು ಒಂದು ಮಾತೂ ಹೇಳದೆ ಬಂದುಬಿಟ್ಟೆ ಕಣಯ್ಯಾ" ಎಂದರು. ದಾಂಡು ಬಿಟ್ಟದ್ದರ ನಿಜವಾದ ಕಾರಣ ಆಗ ನನಗೆ ತಿಳಿಯಿತು.

ಮೈಸೂರಿನ ಬೆಳಗು

ಮೂರು ವಾರ ಹಿತ್ತಿಲಿನ ಸಾಧನೆ ನಡೆಯಿತು. ಅಕ್ಕ ಫೋನಿನಲ್ಲಿ ವರದಿ ಕೊಡುತ್ತಿದ್ದಳು: "ಇವತ್ತು ಟವೆಲ್ಲು ಎರಡೇ ಸಲ ಹಾರಿತು." ನಾಲ್ಕನೆಯ ವಾರ ನಾನು ಚಾಮರಾಜನಗರದಿಂದ, ಅವರು ಗುಂಡ್ಲುಪೇಟೆಯಿಂದ ಹೊರಟು ಮೈಸೂರಿನಲ್ಲಿ ಕೂಡಿದೆವು. ಅಕ್ಕನೂ ಬಂದಿದ್ದಳು, ನೆಪ ಚಾಮುಂಡಿ ಬೆಟ್ಟದ್ದು.

ಮಂಜು ಇನ್ನೂ ಬೆಟ್ಟದ ಸೊಂಟದಲ್ಲಿತ್ತು. ಭಾವನವರು ಚೆಂಡನ್ನು ಟೀಯ ಮೇಲಿಟ್ಟರು. ಹಿಂದೆ ಸರಿದು ಗುರಿಯನ್ನು ನೋಡಿದರು. ಹತ್ತಿರದಲ್ಲಿ ಬಿದ್ದಿದ್ದ ಒಂದು ಎಲೆಯನ್ನು ಗುರುತು ಮಾಡಿಕೊಂಡರು. ಬಂದು ನಿಂತು, ಮತ್ತೆ ತಲೆಯೆತ್ತಿ ಬಲಬದಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ದೂರದಲ್ಲಿ ಕೆಲಸದವನೊಬ್ಬ ನೀರಿನ ಕೊಳವೆ ಸರಿಪಡಿಸುತ್ತಿದ್ದ. ಚೆಂಡು ಅಲ್ಲಿಗೆ ಹೋಗುವ ಸಂಭವ ಕಡಿಮೆ. ಭಾವನವರು ದಾಂಡನ್ನು ಕೆಳಗಿಟ್ಟು, ಕೈಬೀಸಿ, ಆತ ದೂರ ಸರಿಯುವವರೆಗೆ ಕಾದರು.

ಅನಂತರ ತುಟಿಯಲ್ಲಿಯೇ 'ತಕಿಟ' ಎಂದದ್ದು ನನಗೆ ಕಂಡಿತು. ಚೆಂಡು ಹೆಚ್ಚು ಎತ್ತರಕ್ಕೂ ಏಳಲಿಲ್ಲ, ಹೆಚ್ಚು ದೂರಕ್ಕೂ ಹೋಗಲಿಲ್ಲ, ನೂರೈವತ್ತು ಗಜವಿದ್ದೀತು. ನಡುವೆ ಬಿದ್ದು, ಎರಡು ಸಲ ಪುಟಿದು, ಹುಲ್ಲಿನ ಮೇಲೆ ಬೆಳ್ಳಗೆ ಕುಳಿತಿತು. ಭಾವನವರು ಮೂರು ಎಣಿಸುವವರೆಗೆ ಅಲುಗದೆ ನಿಂತಿದ್ದರು. ಆಮೇಲೆ ಮೊದಲು ನೋಡಿದ್ದು ಚೆಂಡನ್ನಲ್ಲ, ಕೊಳವೆಯವನನ್ನು.

"ಎಷ್ಟು ಗಜ?" ಎಂದು ನಾನು ಕೇಳಿದೆ.

"ಅಳೆಯುವ ಕೆಲಸದಿಂದ ನಿವೃತ್ತನಾಗಿದ್ದೇನಯ್ಯಾ" ಎಂದು ಚೀಲವನ್ನು ಹೆಗಲಿಗೇರಿಸಿ ನಡೆದರು.

ಬೇಲಿಯಾಚೆ ನಿಂತಿದ್ದ ಅಕ್ಕ, "ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ?" ಎಂದು ಕೇಳಿದರೂ, ಅವರು ಕಣ್ಮರೆಯಾಗುವವರೆಗೆ ನೋಡುತ್ತಲೇ ಇದ್ದಳು. ಬೆಟ್ಟಕ್ಕೆ ಹೋಗುವ ಬಸ್ಸು ಬಂದು ನಿಂತು ಹೊರಟೂ ಹೋಯಿತು.

ಚೆಂಡನ್ನು ನೂರೈವತ್ತು ಗಜ ನೇರ ಕಳುಹಿಸಿದವನಿಗೆ ಕೊನೆಯ ನಾಲ್ಕು ಅಡಿ ಕೈಕೊಡುವುದುಂಟು. 108 ಮಿಲಿಮೀಟರ್ ಅಗಲದ ಆ ಕುಳಿಯೊಳಕ್ಕೆ ಚೆಂಡನ್ನು ಮೆಲ್ಲಗೆ ಉರುಳಿಸುವ ವಿದ್ಯೆಯನ್ನು ಕುರಿತು ಮುಂದಿನ ಸಲ ಬರೆಯುತ್ತೇನೆ. ಅಷ್ಟರಲ್ಲಿ ಓದುಗರು ಟವೆಲ್ಲನ್ನು ಸುತ್ತಿಟ್ಟುಕೊಳ್ಳಲಿ.